ಒಂದೇ ಗೋತ್ರ, ಬೇರೆ ಸ್ಟ್ರಿಂಗು

ನನ್ನ ಎದೆ ಧಸಕ್ಕೆನ್ನಲು ದೊಡ್ಡದೇನೂ ಆಗಬೇಕಿಲ್ಲ, ಫೋನಿನ ಮೇಲೆ ಮೇಡಂ ಹೆಸರು ಮೂಡಿದರೆ ಸಾಕು. ಹೋದ ವರ್ಷ ಒಂದು ತಿಂಗಳು ಅದು ದಿನ ಬಿಟ್ಟು ದಿನ ಮೂಡುತ್ತಿತ್ತು.

ಮೇಡಂ ಅಂದರೆ ಜಯಲಕ್ಷ್ಮಿಪುರಂನಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ವಧು-ವರರ ಕೇಂದ್ರ ನಡೆಸುವವರು. ಅವರಿಗಾಗಿ ಜಾವಾ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವಳು ನಾನು. ಹೂಟಗಳ್ಳಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ಬಿಟ್ಟು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಇದು ಕೈತಪ್ಪಿದರೆ ಹಳೇ ಮ್ಯಾನೇಜರ್ ಮುಂದೆ ಮತ್ತೆ ಹೋಗಿ ನಿಲ್ಲಬೇಕಿತ್ತು. ಮೇಡಂ ಮೊದಲ ದಿನವೇ ಹೇಳಿದ್ದರು, "ಒಂದು ತಿಂಗಳು ನೋಡ್ತೀನಿ ಕಣಮ್ಮ. ಸರಿಹೋಗ್ಲಿಲ್ಲ ಅಂದ್ರೆ ನನ್ನ ಪುಸ್ತಕ ಇದ್ದೇ ಇದೆ."

ಹುಡುಗ-ಹುಡುಗಿಯರ ವಿವರ ಕೈಯಲ್ಲೇ ಬರೆದಿಟ್ಟ ಕೆಂಪು ರಟ್ಟಿನ ಆ ಪುಸ್ತಕ ಸದಾ ಅವರ ತೊಡೆಯ ಮೇಲೆ. ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದ ಅವರ ಯಜಮಾನರು. ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಜಾವಾದಲ್ಲಿ ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಅನ್ನುತ್ತಾರೆ. ಹೆಸರು, ಊರು, ಗೋತ್ರ ಎಲ್ಲ ಒಂದೊಂದು ಸ್ಟ್ರಿಂಗು. ಅದರಲ್ಲಿ ತಪ್ಪುವುದಕ್ಕೆ ಏನಿದೆ ಅಂದುಕೊಂಡಿದ್ದೆ.

ನಂಜನಗೂಡು ಅವರೇ

ಸಂದೇಶ ಕಳಿಸುವಾಗ ಹೆಸರು ಹಿಡಿದು ಕರೆದರೆ ಚೆಂದ ಅಂತ, ಪೂರ್ತಿ ಹೆಸರಿನ ಸ್ಟ್ರಿಂಗನ್ನು ಖಾಲಿ ಜಾಗ ಸಿಕ್ಕಲ್ಲಿ ಕತ್ತರಿಸಿ ಮೊದಲ ತುಂಡು ತೆಗೆದುಕೊಳ್ಳುವಂತೆ ಬರೆದೆ. ನಮ್ಮ ಕಡೆ ಹಿರಿಯರ ಹೆಸರಿನಲ್ಲಿ ಮೊದಲು ಬರುವುದು ಊರು. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲೇ ಇಲ್ಲ. ಮೊದಲ ದಿನವೇ ಸಂದೇಶ ಹೋಯಿತು: "ಪ್ರಿಯ ನಂಜನಗೂಡು ಅವರೇ, ತಲಕಾಡು ಅವರ ಮಗನ ಜಾತಕ ನಿಮ್ಮ ಮಗಳಿಗೆ ಕೂಡಿಬಂದಿದೆ."

ಸಿದ್ಧಾರ್ಥನಗರದಿಂದ ಆ ತಂದೆ ನನಗೇ ಫೋನ್ ಮಾಡಿದರು. ನಾನು ಕ್ಷಮಿಸಿ ಅನ್ನುವಷ್ಟರಲ್ಲಿ ಅವರೇ ಅಂದರು, "ಮಗಳನ್ನ ಒಬ್ಬ ಹುಡುಗನಿಗೆ ಕೊಡಬೇಕು ಅಂತಿದೀವಿ ಕಣ್ರೀ, ತಲಕಾಡಿಗಲ್ಲ."

ಹನ್ನೆರಡು ಮಕ್ಕಳ ತಂದೆ

ಅದನ್ನು ಸರಿಮಾಡಿ ಮೂರು ದಿನವಾಗಿರಲಿಲ್ಲ. ಕೆಲವರು ಅರ್ಜಿಯಲ್ಲಿ ತಂದೆಯ ಹೆಸರು ತುಂಬಿರಲಿಲ್ಲ. ಹಾಗೆ ಖಾಲಿ ಬಿಟ್ಟದ್ದನ್ನು ಇನ್ನೊಂದು ಸ್ಟ್ರಿಂಗಿಗೆ ಜೋಡಿಸಿದರೆ ಜಾವಾ ಸುಮ್ಮನಿರುವುದಿಲ್ಲ, ಅಲ್ಲಿ "ನಲ್" ಅಂತ ತಾನೇ ಬರೆದುಬಿಡುತ್ತದೆ.

ಮೇಡಂ ಫೋನ್ ಮಾಡಿದರು. ದನಿ ತಗ್ಗಿತ್ತು. "ಅಲ್ಲಮ್ಮ, ಈ ನಲ್ ಅನ್ನೋರು ಯಾರು? ಏಳು ಹುಡುಗರಿಗೆ, ಐದು ಹುಡುಗೀರಿಗೆ ಅವರೇ ತಂದೆ ಅಂತಿದೆ. ತಾಯಂದಿರು ನೋಡಿದ್ರೆ ಬೇರೆ ಬೇರೆ."

"ನಲ್ ಅಂದ್ರೆ ಏನೂ ಇಲ್ಲ ಅಂತ ಮೇಡಂ" ಅಂದೆ.

"ಇಷ್ಟೆಲ್ಲ ಮಾಡಿ ಏನೂ ಇಲ್ಲ ಅಂತಿದಾರಾ?" ಅಂದರು.

ಬದಲಾಗದ ಗಂಡ

ಕೇಂದ್ರದ ಮೂಲಕವೇ ಮದುವೆಯಾದ ಹುಡುಗನೊಬ್ಬನ ದಾಖಲೆಯಲ್ಲಿ "ಅವಿವಾಹಿತ" ತೆಗೆದು "ವಿವಾಹಿತ" ಹಾಕಬೇಕಿತ್ತು. ಜಾವಾದ ಸ್ಟ್ರಿಂಗು ಒಮ್ಮೆ ಬರೆದರೆ ಬದಲಾಗುವುದೇ ಇಲ್ಲ. ತಿದ್ದು ಅಂದರೆ, ತಿದ್ದಿದ ಹೊಸ ಪ್ರತಿಯೊಂದನ್ನು ಕೈಗೆ ಕೊಡುತ್ತದೆ. ಹಳೆಯದು ಹಾಗೇ ಉಳಿಯುತ್ತದೆ. ಹೊಸದನ್ನು ನಾವು ಹಿಡಿದಿಟ್ಟುಕೊಳ್ಳಬೇಕು. ಕಾಲೇಜಿನ ಪಾಠವೇ ಇದು, ಆದರೂ ಮರೆತಿದ್ದೆ.

ಹೊಸ ಮದುವಣಿಗನಿಗೆ ವಾರವಾರ ಹುಡುಗಿಯರ ಜಾತಕ ಹೋಯಿತು. ಫೋನು ಹೆಂಡತಿಯ ಕೈಯಲ್ಲಿತ್ತು. ನಾನು ಮೇಡಂ ಮನೆಯಲ್ಲಿದ್ದಾಗಲೇ ಆಕೆ ಬಂದಳು. "ಮದುವೆಯಾಗಿ ನಲವತ್ತು ದಿನ ಆಗಿಲ್ಲ, ಆಗ್ಲೇ ಮೂರು ಹುಡುಗೀರನ್ನ ತೋರಿಸಿದೀರಲ್ಲ."

ನಾನು ಎದ್ದು ನಿಂತು ಸಮಾಧಾನವಾಗಿ ವಿವರಿಸಿದೆ. "ನಿಮ್ಮ ಯಜಮಾನರ ತಪ್ಪಿಲ್ಲ ಕಣಮ್ಮ. ಮೇಲ್ನೋಟಕ್ಕೆ ಬದಲಾದ ಹಾಗೆ ಕಾಣುತ್ತೆ, ಒಳಗೆ ಹಳೇದೇ ಉಳ್ಕೊಂಡಿರುತ್ತೆ."

"ನಾನೂ ಅದನ್ನೇ ಹೇಳ್ತಿರೋದು" ಅಂದಳು.

ಅವಳು ಹೋದ ಮೇಲೆ ಮೇಡಂ ಕೆಂಪು ಪುಸ್ತಕ ತಟ್ಟಿ, "ಇನ್ನೊಂದು ಹಿಂಗಾದ್ರೆ ಮುಗೀತು" ಅಂದರು.

ಕೊನೆಯ ಪರೀಕ್ಷೆ

ತಿಂಗಳ ಕೊನೆಯ ದಿನ ಮೇಡಂ ತಾವೇ ಪರೀಕ್ಷೆಗೆ ಕೂತರು. ಒಂದೇ ಗೋತ್ರದವರಿಗೆ ಸಂಬಂಧ ಹೇಳಬಾರದು, ಅವರಿಗೆ ಎಲ್ಲಕ್ಕಿಂತ ಮುಖ್ಯ ಅದು. ನೋಡೇಬಿಡೋಣ ಅಂತ ತಮ್ಮ ಸ್ವಂತ ಮಗ, ಮಗಳ ವಿವರವನ್ನೇ ತುಂಬಿದರು. ಇಬ್ಬರದೂ ಕಾಶ್ಯಪ ಗೋತ್ರ. ಗುಂಡಿ ಒತ್ತಿದರು.

"ಗೋತ್ರ ಬೇರೆ ಬೇರೆ. ಸಂಬಂಧ ಮುಂದುವರಿಸಬಹುದು" ಅಂತ ಬಂತು.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಬ್ಬರನ್ನೂ ನಾನೇ ಹೆತ್ತಿದ್ದು ಕಣಮ್ಮ" ಅಂದರು. ಕೆಂಪು ಪುಸ್ತಕ ತೆರೆದೇಬಿಟ್ಟರು.

"ಐದೇ ನಿಮಿಷ ಕೊಡಿ ಮೇಡಂ" ಅಂತ ಅಂಗಲಾಚಿದೆ. ತಪ್ಪು ಕಂಡಿತು. ಎರಡು ಚೀಟಿಗಳ ಮೇಲೆ ಬರೆದಿರುವುದು ಒಂದೇನಾ ಅಂತ ಕೇಳುವ ಬದಲು, ಎರಡೂ ಒಂದೇ ಚೀಟಿಯಾ ಅಂತ ಕೇಳಿದ್ದೆ. ಚೀಟಿ ಎರಡಿದ್ದವಲ್ಲ, ಬೇರೆ ಬೇರೆ ಅಂದಿತ್ತು. ಎರಡು ಸಮ ಚಿಹ್ನೆ ಹಾಕಿದ್ದ ಕಡೆ "ಈಕ್ವಲ್ಸ್" ಅನ್ನುವ ಆಜ್ಞೆ ಬರೆದು ಕೊಟ್ಟೆ.

"ಈ ಸಲ ಮಕ್ಕಳು ಬೇಡ" ಅಂತ ಮೇಡಂ ತಮ್ಮ ವಿವರ, ಯಜಮಾನರ ವಿವರ ತುಂಬಿದರು. ಸುಖವಾಗಿ ಸಂಸಾರ ಮಾಡುತ್ತಿರುವ ಜೋಡಿ, ಇದಕ್ಕಾದರೂ ಸರಿ ಅನ್ನಲಿ ಅಂತ ನಾನು ಚಾಮುಂಡಿಗೆ ಕೈಮುಗಿದೆ.

"ಒಂದೇ ಗೋತ್ರ. ಈ ಸಂಬಂಧ ಕೂಡದು."

ಹಳೇ ಮ್ಯಾನೇಜರ್ ಮುಖ ಕಣ್ಣ ಮುಂದೆ ಬಂತು. ಚೀಲ ಎತ್ತಿಕೊಂಡೆ. ಮೇಡಂ ಮಾತ್ರ ಪರದೆಯನ್ನು ಇನ್ನೊಂದು ಸಲ ಓದಿದರು.

"ಕೂತ್ಕೊಳಮ್ಮ. ಇದು ಸರಿಯಾಗೇ ಹೇಳಿದೆ. ಮದುವೆಯಾದ ಮೇಲೆ ನಂದೂ ಇವರ ಗೋತ್ರನೇ ಅಲ್ವಾ, ನಾನೇ ಹಂಗೆ ತುಂಬಿದೀನಿ" ಅಂದರು. ಎದ್ದು ಹೋಗಿ ಕೆಂಪು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನಗೆ ಅಳುವೇ ಬಂತು.

ಆಗ ಯಜಮಾನರು ಪೇಪರ್ ಮಡಿಚಿಟ್ಟರು. ಪರದೆಯ ಮೇಲಿದ್ದ ಸಾಲನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಮೇಡಂ ಇನ್ನೂ ಬೀರುವಿನ ಹತ್ತಿರವೇ ಇದ್ದಾರಾ ಅಂತ ನೋಡಿಕೊಂಡು, ನನ್ನ ಕಡೆ ಬಾಗಿ ಕೇಳಿದರು.

"ಮೂವತ್ತೈದು ವರ್ಷ ಮುಂಚೆ ಎಲ್ಲಿದ್ದೆ ತಾಯಿ ನೀನು?"