ಮಾವೊರಿ ‘ತೂ’, ಕನ್ನಡ ‘ತೂ’

ಮೃತ್ಯುಂಜಯನ ಬಾಯಿಂದ ಜಾರಿದ್ದು ಒಂದೇ ಒಂದು ಅಕ್ಷರ. ಅಷ್ಟಕ್ಕೇ ಹ್ಯಾಮಿಲ್ಟನ್ನಿನ ಆ ಮನೆಯಲ್ಲಿ ಮಾತು ನಿಂತು ವಾರ ದಾಟಿತ್ತು. ಹೊರಗೆ ಚಳಿಗಾಲದ ಮಂಜು ಬೇಲಿ, ಕಾರು, ಎದುರುಮನೆ ಎಲ್ಲವನ್ನೂ ನುಂಗಿ ಕೂತಿತ್ತು. ಒಳಗೆ ಹೆಂಡತಿ ಅಂಬುಜಾ ಕೂತಿದ್ದಳು. ಎರಡರಲ್ಲಿ ಮಂಜೇ ವಾಸಿ. ಮಧ್ಯಾಹ್ನದ ಹೊತ್ತಿಗಾದರೂ ಕರಗುತ್ತಿತ್ತು.

ಆಗಿದ್ದಿಷ್ಟು. ಮೈಸೂರಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದ ಅಂಬುಜಾ ಇಲ್ಲಿನ ನರ್ಸಿಂಗ್ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಬೇಸರ ಕಳೆಯಲೆಂದು ಸ್ನೇಹಿತರಾದ ಮೋಹನ, ಕಾಮಾಕ್ಷಿ ದಂಪತಿಯನ್ನು ಊಟಕ್ಕೆ ಕರೆದು ಸಬ್ಬಕ್ಕಿ ಪಾಯಸ ಮಾಡಿದಳು. ಮನಸ್ಸು ಎಲ್ಲೋ ಇತ್ತು. ಕೈ ಉಪ್ಪಿನ ಡಬ್ಬಕ್ಕೆ ಹೋಯಿತು. ಮೋಹನ ಒಂದು ಚಮಚ ನುಂಗಿ ಮಹಾತ್ಯಾಗಿಯಂತೆ ಕಣ್ಣು ಮುಚ್ಚಿದ. ಕಾಮಾಕ್ಷಿ, “ಡಿಫರೆಂಟಾಗಿದೆ ಕಣ್ರೀ” ಅಂದಳು. ಮೃತ್ಯುಂಜಯ ಮಾತ್ರ (ಆಸ್ಪತ್ರೆಯ ಲ್ಯಾಬಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದವನಿಗೆ ನಾಲಿಗೆ ಮೇಲೆ ಹಿಡಿತ ಎಲ್ಲಿಂದ ಬರಬೇಕು?) “ತೂ!” ಅಂತ ಉಗಿದೇಬಿಟ್ಟ.

ಅಂಬುಜಾ ನಗುತ್ತಲೇ ಮೊಸರನ್ನ ಬಡಿಸಿ ಅತಿಥಿಗಳನ್ನು ಕಳಿಸಿದಳು. ಬಾಗಿಲು ಹಾಕಿದ ಮೇಲೆ ನಗು ಹೋಯಿತು.

“ಪರೀಕ್ಷೆಯವರು ತೂ ಅಂದಾಯ್ತು. ನೀವೊಬ್ರು ಬಾಕಿ ಇದ್ರಿ” ಅಂದಳು. ಆಮೇಲೆ ಮಾತಿಲ್ಲ. ಅವನಿಗೆ ಮೂರು ಹೊತ್ತೂ ಬ್ರೆಡ್ಡೇ ಗತಿ.

ಒಂದು ಬೆಳಿಗ್ಗೆ ಮಗಳು ನವ್ಯಾ ಬೊಂಬೆಗಳನ್ನು ಸಾಲಾಗಿ ಕೂರಿಸಿ, “ಎ ತೂ!” ಎಂದು ಗದರಿದಳು.

“ಹಾಗೆಲ್ಲ ಅನ್ನಬಾರದು ಪುಟ್ಟಾ!”

“ಅಪ್ಪಾ, ಇಟ್ಸ್ ಮಾವೊರಿ, ಇಲ್ಲಿನ ಮೂಲ ಜನರ ಭಾಷೆ. ಸ್ಟ್ಯಾಂಡ್ ಅಪ್ ಅಂತ. ಮಿಸ್ ಸೇಸ್ ಇಟ್ ಎವ್ರಿ ಡೇ.”

ಮೃತ್ಯುಂಜಯನಿಗೆ ಜ್ಞಾನೋದಯವಾಯಿತು. ಬ್ರೆಡ್ಡು ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಓಡಿದ.

“ಅಂಬು, ನೀನು ತಪ್ಪು ತಿಳ್ಕೊಂಡೆ! ಅವತ್ತು ನಾನಂದಿದ್ದು ಕನ್ನಡದ ತೂ ಅಲ್ಲ, ಮಾವೊರಿ ತೂ! ಏಳು, ಎದ್ದು ನಿಲ್ಲು, ಮತ್ತೆ ಪರೀಕ್ಷೆ ಬರಿ ಅಂತ!”

“ಬಾಯಲ್ಲಿ ಪಾಯಸ ಇಟ್ಕೊಂಡು?”

“ಭಾವಾವೇಶ ಕಣೇ.”

“ಉಗಿದ್ರಲ್ಲಾ?”

“ಅದು ಉಚ್ಚಾರಣೆ.”

“ನಿಮಗೆ ಮಾವೊರಿ ಯಾವಾಗ ಬಂತು?”

“ಆಸ್ಪತ್ರೇಲಿ ದಿನಾ ಕೇಳ್ತೀನಲ್ಲ, ನೀರು ಕುಡಿದಷ್ಟು ಸಲೀಸು.”

ಅಂಬುಜಾ ಅವನ ಕೈಯಲ್ಲಿದ್ದ ಬ್ರೆಡ್ಡನ್ನು ಕಿತ್ತುಕೊಂಡು ಡಬ್ಬಕ್ಕೆ ಹಾಕಿದಳು. ನಂಬಬೇಕೆಂಬ ಆಸೆ ಅವಳಿಗೂ ಇತ್ತೇನೋ. ಅವತ್ತು ಮನೆಯಲ್ಲಿ ಸಾರು ಕುದಿಯಿತು. ಮೂಲೆಗೆ ಎಸೆದಿದ್ದ ನರ್ಸಿಂಗ್ ಪುಸ್ತಕ ಮತ್ತೆ ಟೇಬಲ್ಲಿಗೆ ಬಂತು. ಅವಳು ಓದುತ್ತಾ ಕೂತಿದ್ದು ನೋಡಿ ಮೃತ್ಯುಂಜಯ ಅನ್ನ ಅರ್ಧಕ್ಕೇ ಬಿಟ್ಟು ಎದ್ದ. ಸಾರು ಬಿಸಿ ಇದ್ದದ್ದಕ್ಕೆ ಅಂದುಕೊಂಡ.

ಶುಕ್ರವಾರ ನವ್ಯಾಳ ಸ್ಕೂಲಿನಲ್ಲಿ ಸಮಾರಂಭ. ನೈಟ್ ಶಿಫ್ಟಿನಿಂದ ನೇರ ಬಂದ ಮೃತ್ಯುಂಜಯ ಮೊದಲ ಸಾಲಿನಲ್ಲಿ, ಹೆಂಡತಿಯ ಪಕ್ಕದಲ್ಲೇ, ಯೋಗನಿದ್ರೆಗೆ ಜಾರಿದ. ವೇದಿಕೆಯಿಂದ ಪ್ರಿನ್ಸಿಪಾಲಮ್ಮ ಮೈಕಿನಲ್ಲಿ ಗುಡುಗಿದರು: “ಎ ತೂ!”

ಸಭೆಯೆಲ್ಲ ಎದ್ದು ನಿಂತಿತು. ಮೃತ್ಯುಂಜಯ ಬೆಚ್ಚಿಬಿದ್ದು ಹೆಂಡತಿಯ ಕೈ ಹಿಡಿದುಕೊಂಡ.

“ಬೈಬೇಡ ಕಣೇ! ಪಾಯಸ ಚೆನ್ನಾಗೇ ಇತ್ತು! ಏನೋ ಬಾಯಿಗೆ ಬಂತು, ಉಗಿದುಬಿಟ್ಟೆ!”

ನಿಂತಿದ್ದ ಅಂಬುಜಾ ಕೆಳಗೆ ನೋಡಿದಳು. ನಿಧಾನವಾಗಿ ಕೈ ಬಿಡಿಸಿಕೊಂಡಳು.

“ಏಳ್ರೀ. ಎದ್ದು ನಿಲ್ಲಿ ಅಂತಿದ್ದಾರೆ. ನಿಮಗೆ ಮಾವೊರಿ ಬರುತ್ತಲ್ಲಾ?”

ಅವನು ಎದ್ದ. ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಶಿಲಾಪ್ರತಿಮೆಯಂತೆ ನಿಂತ. ಎಲ್ಲರೂ ನಿಂತು ಹಾಡಿದ ಹಾಡು ಮುಗಿಯಿತು. ಪ್ರಿನ್ಸಿಪಾಲಮ್ಮ “ಎ ನೋಹೋ” ಅಂದರು. ಸುತ್ತ ಕುರ್ಚಿಗಳು ಕಿರುಗುಟ್ಟಿದವು. ಇನ್ನೊಂದು ತಪ್ಪು ಮಾಡಬಾರದೆಂದು ಅವನು ಇನ್ನಷ್ಟು ನೆಟ್ಟಗಾದ. ಹಿಂದಿನಿಂದ ಯಾವುದೋ ಮಗು ಕಿಲಕಿಲ ನಕ್ಕಾಗಲೇ ಕಣ್ಣು ಬಿಟ್ಟಿದ್ದು. ಇಡೀ ಹಾಲ್ ಕೂತಿತ್ತು. ಅವನೊಬ್ಬನೇ ನಿಂತಿದ್ದ.

ಒಂದು ಸಲ ಅಂಗಿ ಜಗ್ಗಿದ್ದರೆ ಸಾಕಿತ್ತು. ಅಂಬುಜಾ ಕೈಕಟ್ಟಿಕೊಂಡು, ವೇದಿಕೆಯತ್ತಲೇ ನೋಡುತ್ತಾ ಕೂತಿದ್ದಳು.