ಹಾಲೇಶಪ್ಪನವರ ಮುಟ್ಟಬಾರದ ನಾಣ್ಯ

ಹೊನ್ನಾಳಿಯ ಹಾಲೇಶಪ್ಪನವರಿಗೆ ಆವತ್ತು ಬೆಳಗ್ಗೆಯೇ ಪಿತ್ತ ನೆತ್ತಿಗೇರಿತ್ತು. ಹೆಂಡತಿ ಕಸ್ತೂರಮ್ಮ ಅವರ ಬೀರುವಿನ ಧೂಳು ಹೊಡೆದಿದ್ದಳು. ಅಷ್ಟೇ ಅಪರಾಧ.

"ಬೀರು ಮುಟ್ಟಬ್ಯಾಡ ಅಂತ ಎಷ್ಟು ಸಲ ಬಡ್ಕಳ್ಳಲೇ?"

"ನಿಮ್ಮ ನಾಣ್ಯಾನ ಕಣ್ಣೆತ್ತಿ ಸಹ ನೋಡಿಲ್ಲ ಕಣ್ರೀ! ನನ್ನ ಬೆಂಡೋಲೆ ದುಡ್ಡು ನುಂಗಿದ ಮಾರಿ ಅದು!"

ಮಾರಿ ಅನ್ನಿಸಿಕೊಂಡದ್ದು ಎಪ್ಪತ್ತಾರನೇ ಇಸವಿಯಲ್ಲಿ ಬೊಂಬಾಯಿ ಟಂಕಸಾಲೆಯಿಂದ ರಿಜಿಸ್ಟರ್ ಅಂಚೆಯಲ್ಲಿ ಬಂದ ಐವತ್ತು ರೂಪಾಯಿಯ ಸ್ಮಾರಕ ನಾಣ್ಯ. ಚಿನ್ನದ್ದನ್ನೇ ಕೂಡಿಡುವ ಮಹದಾಸೆ ಅವರಿಗಿತ್ತು. ಚಿನ್ನ ಕೂಡಿಡಬಾರದೆಂಬ ಸರ್ಕಾರದ ಕಟ್ಟಳೆ ಅಡ್ಡ ಬಂದು ಬೆಳ್ಳಿಗೆ ಇಳಿದಿದ್ದರು (ಆ ಸಿಟ್ಟು ಬೇರೆ). ಇಂಥ ಪ್ರೂಫ್ ನಾಣ್ಯವೆಂದರೆ ಸಂತೆಗೆ ಒಯ್ಯುವುದಲ್ಲ, ನೋಡುವುದಕ್ಕೆಂದೇ ಕನ್ನಡಿಯಂತೆ ಅಚ್ಚು ಹಾಕಿದ್ದು. ಬೆರಳು ತಗುಲಿದರೂ ಕೆಟ್ಟಿತು. ಇಷ್ಟನ್ನು ಅವರು ಬೀಗರ ಮನೆಯ ಹಸುಗೂಸಿಗೂ ಗದರಿ ಹೇಳಿದ್ದರು.

ಚನ್ನಗಿರಿಯಲ್ಲಿ ನಾಣ್ಯ ಪ್ರದರ್ಶನ ಏರ್ಪಾಡಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿ ನಾಣ್ಯ, ಕೆಳಗೆ ತಮ್ಮ ಹೆಸರು, ಅದನ್ನು ಸೀಮೆಯ ಜನವೆಲ್ಲ ಓದಬೇಕು. ಹಾಲೇಶಪ್ಪನವರಿಗೆ ಇದೊಂದೇ ಧ್ಯಾನ. ನಾಣ್ಯ ಆರಿಸಲು ಪ್ರದರ್ಶನ ನಡೆಸುವ ಷಣ್ಮುಖಪ್ಪ ಮೇಷ್ಟ್ರು ಮನೆಗೇ ಬಂದರು. ಡಬ್ಬಿ ತೆರೆದು, ಭೂತಗನ್ನಡಿ ಹಿಡಿದು, ಮುಖ ಹುಳ್ಳಗೆ ಮಾಡಿದರು.

"ಇದನ್ನ ಯಾರೋ ತಿಕ್ಕಿದಾರಲ್ರೀ! ಬರೀ ಗೀರು!"

ಹಾಲೇಶಪ್ಪನವರು ರುದ್ರಾವತಾರ ತಾಳಿದರು. "ಏಯ್ ಕಸ್ತೂರಿ! ಹುಣಸೆಹಣ್ಣು ಹಾಕಿ ತಿಕ್ಕಿದ್ಯೇನೇ? ನನ್ನ ಮಾನ ತೆಗೆದ್ಯಲ್ಲೇ!"

ಕಸ್ತೂರಮ್ಮನಿಗೂ ರೇಗಿತು. ಕಾಫಿ ಲೋಟವನ್ನು ಮೇಷ್ಟ್ರ ಮುಂದೆ ಕುಕ್ಕಿದಳು. "ನಾನ್ಯಾಕೆ ತಿಕ್ಕಲಿ? ದಿನಾ ಪೂಜೆ ಮುಗಿಸಿ, ಇಭೂತಿ ಹಾಕಿ ಲಿಂಗದ ಬೆಳ್ಳಿ ಕರಡಿಗೆ ಬೆಳಗಿದ ಕೈಯಾಗೆ ಇದನ್ನೂ ಗಸಗಸ ಉಜ್ಜೋರು ನೀವಲ್ಲೇನು?"

"ಇಭೂತಿ ಪವಿತ್ರ ಕಣೇ! ಅದ್ರಾಗೆ ಉಜ್ಜಿದ್ರೆ ಮುಟ್ಟಿದಂಗೆ ಆಗ್ತೈತೇನು?"

ಮೇಷ್ಟ್ರು ಕೆಮ್ಮಿದರು. "ಇರ್ಲಿ ಕೊಡ್ರಿ, ಇದಕ್ಕೂ ಒಂದು ಜಾಗ ಐತೆ," ಎಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಹಾಲೇಶಪ್ಪನವರ ಮೀಸೆ ಮತ್ತೆ ಮೇಲೆದ್ದಿತು. "ನೋಡಿದ್ಯಾ? ನಾಣ್ಯ ಬಲ್ಲೋರಿಗೆ ಬೆಲೆ ಗೊತ್ತು!" ಎಂದು ಹೆಂಡತಿಯನ್ನು ದಬಾಯಿಸಿ, ನ್ಯಾಮತಿಯ ಬೀಗರಿಗೆಲ್ಲ ಹೇಳಿ ಕಳುಹಿಸಿ, ಅರ್ಧ ಬಸ್ಸು ಜನವನ್ನು ಚನ್ನಗಿರಿಗೆ ಕರೆದೊಯ್ದರು.

ಗಾಜಿನ ಪೆಟ್ಟಿಗೆ ಬಾಗಿಲಲ್ಲೇ ಇತ್ತು. ಒಳಗೆ ಅವರದೇ ನಾಣ್ಯ. ಕೆಳಗಿನ ದಪ್ಪಕ್ಷರದ ಚೀಟಿಯನ್ನು ಕಸ್ತೂರಮ್ಮ ಬೀಗರಿಗೆಲ್ಲ ಕೇಳುವಂತೆ ನಿಧಾನವಾಗಿ ಓದಿದಳು:

"ನಾಣ್ಯವನ್ನು ತಿಕ್ಕಿದರೆ ಹೀಗಾಗುತ್ತದೆ. ತಿಕ್ಕಿದವರು: ಶ್ರೀ ಹಾಲೇಶಪ್ಪನವರು, ಹೊನ್ನಾಳಿ."