ಒಂದೂ ಹಳದಿ ಚೀಟಿಯಿಲ್ಲದೆ ಪಾಸಾದ ಕಾದಂಬರಿಯವರಿಗೆ

ಮಾನ್ಯ ಕಾದಂಬರಿಯವರೇ,

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಸಾಹಿತ್ಯ ಪಾಠ ಹೇಳುತ್ತಾ ಸೀಮೆಸುಣ್ಣದ ಧೂಳು ನುಂಗಿರುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ತಮ್ಮ ನೂರ ಎಂಬತ್ತು ಪುಟಗಳೊಂದಿಗೆ, ರಟ್ಟು ಕಿತ್ತುಹೋಗದೆ, ಹೊಲಿಗೆ ಬಿಚ್ಚದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣರೆಂದು ತಮ್ಮಲ್ಲೇ ದೂರಿಕೊಳ್ಳಲು ಈ ಪತ್ರ.

ಹತ್ತನೇ ತರಗತಿಯ ಮಕ್ಕಳು ಮುತ್ತಜ್ಜನ ಕಾಲದ ಕಥೆಗಳನ್ನೇ ಓದಿ ಆಕಳಿಸುತ್ತಿದ್ದಾರೆ, ಈ ಕಾಲದ ಕಾದಂಬರಿಯೊಂದು ಬೇಕೇ ಬೇಕು ಎಂದು ಸ್ಟಾಫ್ ರೂಮಿನ ಮೇಜು ಕುಟ್ಟಿದವಳು ನಾನೇ. "ಹಂಗಾದ್ರೆ ನೀವೇ ಆರಿಸಿ ತನ್ನಿ" ಎಂದರು ಹೆಡ್‌ಮಿಸ್. ದಾರೀಲಿ ಹೋಗೋ ಮಾರೀನ ಮನೆಗೆ ಕರೆಯುವುದು ಎಂದರೇನೆಂದು ನನಗೆ ಅಂದೇ ತಿಳಿಯಬೇಕಿತ್ತು. ನಮ್ಮ ಶಾಲೆಯ ಪದ್ಧತಿ ತಮಗೆ ಗೊತ್ತೇ ಇದೆ. ಆಯ್ಕೆ ಸಮಿತಿಯ ಐವರೂ ಪುಸ್ತಕವನ್ನು ಸರದಿಯಂತೆ ಮನೆಗೆ ಒಯ್ದು, ಆಕ್ಷೇಪಣೆಯಿರುವ ಪುಟಕ್ಕೆ ಕಾರಣ ಬರೆದ ಹಳದಿ ಚೀಟಿ ಅಂಟಿಸಬೇಕು, ಚೀಟಿ ಅತಿ ಕಡಿಮೆಯಿರುವ ಪುಸ್ತಕ ಪಾಠವಾಗಬೇಕು. ನಾನು ಜೀವ ಬಿಡುವಷ್ಟು ಮೆಚ್ಚಿದ ಮೂರು ಕಾದಂಬರಿಗಳು ಚೀಟಿ ಹೊದ್ದುಕೊಂಡೇ ಹಿಂದಿರುಗಿದವು. ಒಂದರಲ್ಲಿ ನಾಯಕ ಸಿಗರೇಟು ಸೇದಿದ್ದ, ಇನ್ನೊಂದರಲ್ಲಿ ಮಗ ಅಪ್ಪನಿಗೆ ಎದುರಾಡಿದ್ದ. ಮೂರನೆಯದರಲ್ಲಿ ರೈಲು ಎರಡು ಗಂಟೆಯಲ್ಲಿ ಅಷ್ಟು ದೂರ ಹೋಗಲಾರದೆಂದು ಗಣಿತದ ಮೇಷ್ಟ್ರು ಲೆಕ್ಕ ಮಾಡಿ ತೋರಿಸಿದ್ದರು. ತಾವೊಬ್ಬರೇ, ಸ್ವಾಮಿ, ಒಂದೂ ಚೀಟಿಯಿಲ್ಲದೆ ಮದುಮಗಳ ಹಾಗೆ ಬಂದಿರಿ. "ಪುಸ್ತಕ ಅಂದ್ರೆ ಹಿಂಗಿರ್ಬೇಕು ನೋಡಿ" ಎಂದು ಅದೇ ಗಣಿತದ ಮೇಷ್ಟ್ರು ತಮ್ಮ ಬೆನ್ನು ತಟ್ಟಿದರು.

ತಮ್ಮನ್ನು ಯಾರೂ ತೆರೆದೇ ನೋಡಿರಲಿಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೆಂದರೆ, ತಮ್ಮ ಆ ಪ್ರತಿಯಲ್ಲಿ ತೊಂಬತ್ತೇಳರಿಂದ ನೂರ ಹನ್ನೆರಡರವರೆಗಿನ ಪುಟಗಳ ಮೇಲಂಚನ್ನು ಅಚ್ಚಿನವರು ಕತ್ತರಿಸಲು ಮರೆತಿದ್ದರು. ಅವು ಒಂದಕ್ಕೊಂದು ಕೂಡಿಕೊಂಡೇ ಇದ್ದವು, ಐದು ಮನೆ ಸುತ್ತಿ ಬಂದಾಗಲೂ ಹಾಗೇ ಇದ್ದವು. ಲಿಫ್ಟ್ ರಿಪೇರಿ ಮಾಡುವ ತಾಯಿ, ತನಗೂ ತಾಯಿಗೂ ದಿನಾ ಎರಡು ಊಟದ ಡಬ್ಬಿ ಕಟ್ಟುವ ಮಗಳು, ಇವರ ಕಥೆಯನ್ನು ನಾನೂ ತೊಂಬತ್ತಾರನೇ ಪುಟದವರೆಗೆ ಆಸೆಯಿಂದಲೇ ಓದಿದೆ. ಅಂಟಿದ ಪುಟಗಳು ಬಂದವು, ನಾಳೆ ಬ್ಲೇಡ್ ತಂದು ಬಿಡಿಸೋಣವೆಂದುಕೊಂಡೆ. ಆ ನಾಳೆ ಬರುವುದರೊಳಗೆ ಶಿಫಾರಸು ಪತ್ರ ಕೊಡುವ ಕಡೆಯ ದಿನ ಬಂತು. "ಕೊನೆಯ ಪುಟದವರೆಗೂ ಎರಡು ಬಾರಿ ಓದಿದ್ದೇನೆ, ಎರಡೂ ಬಾರಿ ಕಣ್ಣು ಒದ್ದೆಯಾಯಿತು" ಎಂದು ಬರೆದು, ಸಹಿ ಹಾಕಿ, ತಮ್ಮ ರಟ್ಟಿನ ಒಳಬದಿಗೆ ಅಂಟಿಸಿದೆ. ನಮ್ಮ ಅತ್ತೆ ಮಾತ್ರ, "ಓದಿಲ್ಲ ಅಂದ್ರೆ ಓದಿಲ್ಲ ಅನ್ನಮ್ಮ, ಅದಕ್ಕ್ಯಾಕೆ ಕಣ್ಣು ಒದ್ದೆ ಮಾಡ್ಕೊಳ್ಳೋದು?" ಎಂದರು. ಅತ್ತೆಯ ಮಾತನ್ನು ನಾನು ಯಾವತ್ತು ಕೇಳಿದ್ದೆ ಹೇಳಿ.

ಮೊದಲ ತೊಂಬತ್ತಾರು ಪುಟಗಳನ್ನು ಎರಡು ತಿಂಗಳು ಎಳೆದು ಎಳೆದು ಪಾಠ ಮಾಡಿದೆ. ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಮಕ್ಕಳಿಗೆ ಅಪ್ಪಣೆ ಕೊಡಿಸಿದೆ. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಿರುಪರೀಕ್ಷೆಯಲ್ಲಿ ಐದು ಅಂಕಕ್ಕೆ ಹೀಗೊಂದು ಪ್ರಶ್ನೆ ಕೊಟ್ಟೆ: "ಕಾದಂಬರಿಯ ಕೊನೆಯಲ್ಲಿ ತಾಯಿಯು ಮಗಳಿಗೆ ಹೇಳುವ ಬುದ್ಧಿಮಾತುಗಳನ್ನು ವಿವರಿಸಿ." ತಾಯಿ ಎಂದ ಮೇಲೆ ಕೊನೆಯಲ್ಲಿ ಬುದ್ಧಿ ಹೇಳದೆ ಇರುತ್ತಾಳೆಯೇ ಎಂಬುದು ನನ್ನ ಘನವಾದ ಊಹೆ. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿ ಪುಟಗಟ್ಟಲೆ ಬುದ್ಧಿಮಾತು ಬರೆದರು. ಸತ್ಯ ಹೇಳು, ಹಿರಿಯರನ್ನು ಗೌರವಿಸು, ಸಮಯ ಹಾಳು ಮಾಡಬೇಡ. ಎಲ್ಲರಿಗೂ ಐದಕ್ಕೆ ಐದು ಕೊಟ್ಟೆ. ವರ್ಷವಿಡೀ ಹೊರಗೆ ನೋಡುತ್ತಾ ಕೂರುವುದರಿಂದ ನಾವು 'ಕಿಟಕಿ' ಎಂದೇ ಕರೆಯುವ ಹುಡುಗಿಯೊಬ್ಬಳಿದ್ದಾಳೆ. ಅವಳು ಮಾತ್ರ ಒಂದೇ ಸಾಲು ಬರೆದಿದ್ದಳು: "ತಾಯಿ ನೂರ ಒಂದನೇ ಪುಟದಲ್ಲಿ ತೀರಿಕೊಂಡಿದ್ದಾಳೆ." ಅವಳಿಗೆ ಸೊನ್ನೆ ಸುತ್ತಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ "ಪಠ್ಯವನ್ನು ಗಮನವಿಟ್ಟು ಓದು" ಎಂದು ಬರೆದೆ.

ಮಾನ್ಯರೇ, ತಾಯಿಯನ್ನು ಕೊಲ್ಲುವ ಮುನ್ನ ಪಾಠ ಮಾಡುವವರಿಗೆ ಒಂದು ಸುತ್ತೋಲೆ ಕಳಿಸಲು ತಮಗೇನು ಕಷ್ಟವಿತ್ತು?

ಹುಡುಗಿ ಜಗಳಕ್ಕೆ ಬರಲಿಲ್ಲ. ಪುಟ ತೋರಿಸೋಣವೆಂದು ನನ್ನ ಮೇಜಿನ ಮೇಲಿದ್ದ ತಮ್ಮ ಆ ಪ್ರತಿಯನ್ನೇ ಎತ್ತಿಕೊಂಡಳು, ತಿರುವಿದಳು, ತೊಂಬತ್ತಾರಕ್ಕೆ ಬಂದು ನಿಂತಳು. ಬೆರಳು ತೂರಿಸಿ ನೋಡಿದಳು. ರಟ್ಟಿನ ಒಳಗೆ ನನ್ನ ಸಹಿಯಿದ್ದ ಶಿಫಾರಸು ಪತ್ರವನ್ನೂ ಓದಿಕೊಂಡಳು. ಆಮೇಲೆ ತುಂಬ ಮೆತ್ತಗೆ, "ಸ್ಕೇಲ್ ಕೊಡ್ಲಾ ಮೇಡಂ?" ಎಂದಳು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ನೋಡಬಯಸುವವರು ಆ ದಿನ ನಮ್ಮ ತರಗತಿಗೆ ಬರಬೇಕಿತ್ತು. ನನಗೆ ಅಷ್ಟು ನಾಚಿಕೆ ಈ ಜನ್ಮದಲ್ಲಿ ಆಗಿರಲಿಲ್ಲ.

ನಲವತ್ತು ಜನರ ಎದುರಿಗೇ ಅವಳ ಸ್ಟೀಲ್ ಸ್ಕೇಲಿನಿಂದ ಪುಟಗಳನ್ನು ಬಿಡಿಸಿ, ನಾನು ಓದಿಲ್ಲ ಎಂದು ಹೇಳಿ, ನೂರ ಒಂದನೇ ಪುಟವನ್ನು ಗಟ್ಟಿಯಾಗಿ ಓದಿದೆ. ಅರ್ಧಕ್ಕೇ ಪುಸ್ತಕವನ್ನು ಅವಳ ಕೈಗೆ ದಾಟಿಸಿದೆ. ಮಿಕ್ಕದ್ದನ್ನು ಕಿಟಕಿಯೇ ಓದಿದಳು. ಓದಿ ಮುಗಿಸಿ, "ಅಮ್ಮ ಸತ್ತ ಮೇಲೂ ಅವಳು ಎರಡು ಡಬ್ಬಿ ಕಟ್ತಾಳಲ್ಲ, ಅದು ಮರ್ತು ಮಾಡೋದಾ, ಬೇಕಂತ ಮಾಡೋದಾ?" ಎಂದು ಕೇಳಿದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ "ಗೊತ್ತಿಲ್ಲ ಕಣೇ" ಎಂದೆ. "ನಂಗೂ ಗೊತ್ತಿಲ್ಲ, ಅದಕ್ಕೇ ಕೇಳಿದ್ದು" ಎಂದಳು. ಗಂಟೆ ಹೊಡೆದರೂ ಆವತ್ತು ಯಾರೂ ಏಳಲಿಲ್ಲ.

ಅವಳ ಐದು ಅಂಕ ಅವಳಿಗೆ ಕೊಟ್ಟು, ಮೂವತ್ತೊಂಬತ್ತು ಮಂದಿಯ ಐದನ್ನು ಹೊಡೆದುಹಾಕಿದೆ. ಮರುದಿನವೇ ಅಪ್ಪ ಅಮ್ಮಂದಿರು ಹೆಡ್‌ಮಿಸ್ ಬಾಗಿಲಿಗೆ ಬಂದರು. ಈಗ ತಮ್ಮನ್ನು ತೆಗೆದುಹಾಕಬೇಕೇ ಎಂದು ನಿರ್ಧರಿಸಲು ನಾಳೆ ಸಮಿತಿ ಮತ್ತೆ ಕೂಡುತ್ತಿದೆ. ಕಿಟಕಿ ದಿನಾ ಬಂದು "ತೆಗೆದುಬಿಡ್ತಾರಾ ಮೇಡಂ?" ಎನ್ನುತ್ತಾಳೆ. ಅವಳು ಪೂರ್ತಿ ಓದಿದ ಮೊದಲ ಪುಸ್ತಕ ತಾವಂತೆ. ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣ ಕೋರಿಕೆಗಳಿವೆ: ಇಂದು ಸಂಜೆಯೊಳಗೆ ತಾವು ತೊಂಬತ್ತಾರೇ ಪುಟದವರಾಗಬೇಕು, ತಾಯಿ ಎದ್ದು ಕೂತು ನಾಲ್ಕು ಬುದ್ಧಿಮಾತು ಹೇಳಬೇಕು, ಅವಳನ್ನು ಬಲಿ ತೆಗೆದುಕೊಂಡ ಲಿಫ್ಟು ಎಷ್ಟು ವೇಗದಲ್ಲಿ ಇಳಿಯಿತೆಂಬುದನ್ನು ಗಣಿತದ ಮೇಷ್ಟ್ರಿಗೆ ತಾವೇ ಖುದ್ದಾಗಿ ವಿವರಿಸಬೇಕು. ಇವು ಸಾಧ್ಯವಾಗದಿದ್ದರೆ ಇರುವ ಹಾಗೇ ಇರಿ, ನಾಳೆ ತಮ್ಮ ಪರವಾಗಿ ನಾನೇ ಮಾತಾಡುತ್ತೇನೆ. ಈ ಸಲ ಪೂರ್ತಿ ಓದಿದ್ದೇನೆ.

ತೊಂಬತ್ತಾರು ಪುಟಗಳ ಮಟ್ಟಿಗೆ ಹಳೆಯ, ಉಳಿದವುಗಳ ಮಟ್ಟಿಗೆ ತೀರಾ ಹೊಸ,
ತಮ್ಮ ವಿಶ್ವಾಸಿ,
ಸಾಹಿತ್ಯದ ಮೇಡಂ

ಮರೆತ ಮಾತು: ತಮಗೀಗ ಸಮಿತಿಯವರು ಹದಿನೇಳು ಹಳದಿ ಚೀಟಿ ಅಂಟಿಸಿದ್ದಾರೆ. ಹದಿನೇಳೂ ನಲವತ್ತನೇ ಪುಟದೊಳಗೇ ಇರುವುದರಿಂದ ಅವರು ಈ ಸಲ ಎಲ್ಲಿಯವರೆಗೆ ಬಂದಿದ್ದಾರೆಂದು ತಿಳಿಯಿತು. ಹದಿನೆಂಟನೆಯದನ್ನು ಇವತ್ತು ನಾನು ಅಂಟಿಸಿದ್ದೇನೆ, ರಟ್ಟಿನ ಒಳಬದಿಯ ನನ್ನ ಶಿಫಾರಸು ಪತ್ರದ ಮೇಲೆ. ಕಾರಣದ ಜಾಗದಲ್ಲಿ ಬರೆದದ್ದು ಇಷ್ಟೇ: "ಇಡೀ ಪುಸ್ತಕದಲ್ಲಿ ಮಕ್ಕಳು ಓದಬಾರದ ಪುಟ ಇದೊಂದೇ."